ಹಳೇ ತ್ರೀ-ನಾಟ್-ತ್ರೀ ಕೊಳ್ಳುವ ಮುಂಚೆ ಬೋಲ್ಟ್ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ವಿದೇಶದ ಕನ್ನಡಿಗರ ಹವ್ಯಾಸಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ ಹಳೇ ಮಿಲಿಟರಿ ರೈಫಲ್ ಕೊಳ್ಳುವವರಿಗೆ ಒಂದು ಸಲಹೆ ಇತ್ತು. ಮರ ಹೊಳೆಯುತ್ತಿರಬೇಕು, ಕಬ್ಬಿಣಕ್ಕೆ ತುಕ್ಕು ಹಿಡಿದಿರಬಾರದು, ಅಷ್ಟಿದ್ದರೆ ಧೈರ್ಯವಾಗಿ ತಗೊಳ್ಳಿ ಅಂತ. ದಯವಿಟ್ಟು ಹಾಗೆ ಬರೆಯಬೇಡಿ. ನಾನು ಕೊಡಗಿನ ಕಡೆಯವನು, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿನ ಗನ್ ಶೋಗಳಲ್ಲಿ ನಮ್ಮ ಹುಡುಗರು ಹೊಳಪು ನೋಡಿ ಮಾರುಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಹೊಳಪು ಎಷ್ಟೋ ಸಲ ಬರೀ ಸ್ಯಾಂಡ್‌ಪೇಪರ್ ಮತ್ತು ವಾರ್ನಿಷ್. ಉಜ್ಜಿದ ಮರದ ಮೇಲೆ ಕಾರ್ಖಾನೆಯ ಮುದ್ರೆಗಳೆಲ್ಲ ಅಳಿಸಿಹೋಗಿರುತ್ತವೆ, ಹೊಸದಾಗಿ ಕಪ್ಪು ಏರಿಸಿದ ಕಬ್ಬಿಣದ ಕೆಳಗೆ ತುಕ್ಕು ತಿಂದ ಗುಳಿಗಳು ಹಾಗೇ ಇರುತ್ತವೆ.

ನಮ್ಮವರು ಜಾಸ್ತಿ ಹುಡುಕುವುದು ಲೀ-ಎನ್‌ಫೀಲ್ಡ್, ಅಂದರೆ ಊರಲ್ಲಿ ಪೊಲೀಸರ ಹೆಗಲ ಮೇಲೆ ನಾವೆಲ್ಲ ನೋಡಿದ ತ್ರೀ-ನಾಟ್-ತ್ರೀ. 1907ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಕ್ 3 ಮಾದರಿಯನ್ನು ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಸ್ವಾತಂತ್ರ್ಯ ಬಂದ ಮೇಲೂ ತಯಾರಿಸುತ್ತಿದ್ದರು. ಅಲ್ಲಿಂದ ಬಳಕೆಗೆ ಬೇಡವಾದ ಸರ್ಪ್ಲಸ್ ಆಗಿ ಅಮೆರಿಕಕ್ಕೆ ಬಂದ ರೈಫಲ್‌ಗಳು ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ನಮ್ಮ ದೇಶದಲ್ಲಿ ಮಾಡಿದ್ದು ಅಂತ ಗೊತ್ತಾದ ಕೂಡಲೇ ಮನಸ್ಸು ಕರಗುತ್ತದೆ, ನನಗೂ ಕರಗುತ್ತದೆ. ಆದರೂ ಪರೀಕ್ಷೆ ಮಾಡದೆ ದುಡ್ಡು ಕೊಡಬಾರದು.

ರೈಫಲ್ ಕೈಗೆ ಬಂದ ತಕ್ಷಣ, ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ, ಬೋಲ್ಟ್ ಅನ್ನುವ ಹಿಂದಿನ ಅಗುಳಿ ಎಳೆದು, ತೋಟಾ ತುಂಬುವ ಮ್ಯಾಗಜಿನ್ ತೆಗೆದು, ತೋಟಾ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಖಾಲಿ ಇದೆಯಾ ನೋಡಿ. ಮಾರುವವನು ಖಾಲಿ ಅಂದರೂ ನೋಡಿ.

ಆಮೇಲೆ ನಳಿಗೆ. ಬೋಲ್ಟ್ ಪೂರ್ತಿ ಹೊರಗೆ ತೆಗೆಯಲು ಒಪ್ಪಿಗೆ ಕೇಳಿ, ಹಿಂದಿನಿಂದ ಸಣ್ಣ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ ನೋಡಿ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಒಳಗೆ ಸ್ವಲ್ಪ ಮಂಕಾಗಿದ್ದರೆ ಚಿಂತೆಯಿಲ್ಲ, ಗುಳಿ ಬಿದ್ದಿದ್ದರೆ ಯೋಚನೆ ಮಾಡಬೇಕು. ಆ ಕಾಲದ ತೋಟಾಗಳಲ್ಲಿ ಮದ್ದಿಗೆ ಕಿಡಿ ಕೊಡುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಅದು ಉಪ್ಪಾಗಿ ನಳಿಗೆಯ ಒಳಗೆ ಕೂತು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎಣ್ಣೆ ಬಳಿದರೆ ಆ ಉಪ್ಪು ಹೋಗಲ್ಲ, ನೀರಲ್ಲೇ ತೊಳೆಯಬೇಕು, ಅದಕ್ಕೇ ಸೈನಿಕರು ಗುಂಡು ಹಾರಿಸಿ ಬಂದ ಮೇಲೆ ಬಿಸಿನೀರು ಸುರಿಯುತ್ತಿದ್ದರು. ತೊಳೆಯದೆ ಮೂಲೆಗಿಟ್ಟ ರೈಫಲ್ ಒಳಗಿನಿಂದಲೇ ಹಾಳಾಗುತ್ತಾ ಹೋಗುತ್ತದೆ. ಇಷ್ಟಾದ ಮೇಲೂ ಮಾರುವ ದಿನ ದಪ್ಪ ಎಣ್ಣೆ ಬಳಿದರೆ ಗುಳಿಗಳು ತುಂಬಿಕೊಂಡು ನಳಿಗೆ ಕನ್ನಡಿಯ ಹಾಗೆ ಮಿಂಚುತ್ತದೆ! ಆದ್ದರಿಂದ ಒಣ ಬಟ್ಟೆಯ ಚೂರನ್ನು ಒಂದು ಸಲ ಒಳಗೆ ಹಾಯಿಸಿ. ಅದು ಕಂದು ಬಣ್ಣಕ್ಕೆ ತಿರುಗಿ ಹೊರಗೆ ಬಂದರೆ ತುಕ್ಕು ಇನ್ನೂ ಕೆಲಸ ಮಾಡುತ್ತಿದೆ. ಬಟ್ಟೆ ಹಾಯಿಸಿದ ಮೇಲೆ ಮತ್ತೆ ಟಾರ್ಚ್ ಬಿಡಿ, ಆಗ ಕಾಣುವುದೇ ನಿಜವಾದ ನಳಿಗೆ.

ನಳಿಗೆಯ ಬಾಯಿ ನೋಡುವುದನ್ನು ಎಷ್ಟೋ ಜನ ಮರೆಯುತ್ತಾರೆ. ಈ ರೈಫಲ್‌ಗಳನ್ನು ಪುಲ್-ಥ್ರೂ ಅನ್ನುವ ಹಗ್ಗ ಎಳೆದು ಸ್ವಚ್ಛ ಮಾಡುತ್ತಿದ್ದರು. ವರ್ಷಗಟ್ಟಲೆ ಹಗ್ಗ ಓರೆಯಾಗಿ ಉಜ್ಜಿದರೆ ಬಾಯಿ ಒಂದು ಪಕ್ಕ ಸವೆಯುತ್ತದೆ, ಆಮೇಲೆ ಎಷ್ಟು ಗುರಿಯಿಟ್ಟರೂ ಗುಂಡು ಹೇಳಿದ ಕಡೆ ಹೋಗುವುದಿಲ್ಲ. ಮದ್ದು, ಕ್ಯಾಪು ಯಾವುದೂ ಇಲ್ಲದ ಬರೀ 303 ಗುಂಡೊಂದನ್ನು ಜೇಬಲ್ಲಿಟ್ಟುಕೊಂಡು ಹೋಗಿ. ಅದರ ಚೂಪು ತುದಿಯನ್ನು ನಳಿಗೆಯ ಬಾಯಿಗೆ ಇಟ್ಟು ನೋಡಿ. ದಪ್ಪ ಭಾಗ ಹೊರಗೇ ನಿಂತರೆ ಸರಿ. ಸಲೀಸಾಗಿ ಒಳಗಿಳಿದು ಅಲ್ಲಾಡಿದರೆ ಆ ನಳಿಗೆ ಸವೆದಿದೆ.

ಎಲ್ಲಕ್ಕಿಂತ ಮುಖ್ಯ ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾದ ಅಂಚು ಕೂರುವ ಜಾಗಕ್ಕೂ ನಡುವೆ ಇರುವ ಅಂತರ ಅದು. ಇದು ಜಾಸ್ತಿಯಾದರೆ ತೋಟಾದ ಹಿತ್ತಾಳೆ ಹರಿದು ಬಿಸಿ ಅನಿಲ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ ನುಗ್ಗಬಹುದು. ಕಣ್ಣಳತೆಯಲ್ಲಿ ಇದು ತಿಳಿಯುವುದಿಲ್ಲ, ಗೇಜ್ ಅನ್ನುವ ಅಳತೆಯ ಬಿಲ್ಲೆ ಹಾಕಲೇಬೇಕು. 0.074 ಇಂಚಿನ ಗೇಜ್ ಇಟ್ಟಾಗಲೂ ಬೋಲ್ಟ್ ಮುಚ್ಚಿಕೊಂಡರೆ ಅಂಥದ್ದನ್ನು ಸೇನೆಯವರೇ ಬಳಕೆಯಿಂದ ತೆಗೆಯುತ್ತಿದ್ದರು. ಬೋಲ್ಟ್ ಹಿಡಿಯ ಹಿಂದೆ ಕೆತ್ತಿದ ನಂಬರೂ ರೈಫಲ್ ಮೈಮೇಲಿನ ನಂಬರೂ ಒಂದೇ ಇದೆಯಾ ಅಂತ ನೋಡುವುದು ಇದಕ್ಕೇ, ಬರೀ ಬೆಲೆಗಲ್ಲ. ಬೇರೆ ರೈಫಲ್‌ನ ಬೋಲ್ಟ್ ತಂದು ತುರುಕಿದ್ದರೆ ಆ ಅಂತರದ ಲೆಕ್ಕವೇ ತಪ್ಪಿರಬಹುದು. ಗೇಜ್ ಇರುವ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವನ ಹತ್ತಿರ ತೋರಿಸಿ ಕೊಳ್ಳುತ್ತೇನೆ ಅಂದಾಗ ಸಿಡುಕುವವನ ಹತ್ತಿರ ವ್ಯಾಪಾರವೇ ಬೇಡ.

ಮರದಲ್ಲಿ ಬಿರುಕು ಹುಡುಕಿ, ಅದರಲ್ಲೂ ಮುಂದಿನ ಮರ ಟ್ರಿಗರ್ ಹತ್ತಿರ ಕಬ್ಬಿಣಕ್ಕೆ ಒರಗುವ ಕಡೆ. ಮಾರ್ಕ್ 3ರಲ್ಲಿ ಹಿಂದಿನ ಮರದ ಹಿಡಿಯನ್ನು ಬಿಗಿದ ಉದ್ದ ಸ್ಕ್ರೂವಿನ ಚೌಕ ತುದಿ ಮುಂದಿನ ಮರದ ಹಿಂಭಾಗದಲ್ಲಿರುವ ಸಣ್ಣ ತಗಡಿಗೆ ಕೂತಿರುತ್ತದೆ. ಮುಂದಿನ ಮರ ಬಿಚ್ಚದೆ ಆ ಸ್ಕ್ರೂ ತಿರುಗಿಸಿದವರು ಎಷ್ಟೊಂದು ಒಳ್ಳೇ ಮರ ಸೀಳಿದ್ದಾರೋ!

ಮುದ್ರೆ ಓದಲು ಕಲಿಯಿರಿ. ಡಿಪಿ ಅಂತ ಹೊಡೆದಿದ್ದರೆ ಅದು ಡ್ರಿಲ್ ರೈಫಲ್, ನಾವು ಎನ್‌ಸಿಸಿಯಲ್ಲಿ ಹೊತ್ತು ಓಡಾಡಿದಂಥದ್ದು, ಅದರಲ್ಲಿ ಗುಂಡು ಹಾರಿಸಬಾರದು. ಮುಂಭಾಗಕ್ಕೆ ತಾಮ್ರದ ತಂತಿ ಸುತ್ತಿದ್ದರೆ ಗ್ರೆನೇಡ್ ಹಾರಿಸಲು ಬಳಸಿದ್ದು. ಇಶಾಪುರದ 2ಎ ರೈಫಲನ್ನು ಮಹಾಯುದ್ಧದ್ದು ಅಂತ ಹೇಳಿ ಮಾರುವವರಿದ್ದಾರೆ, ಅದು ಚೀನಾ ಯುದ್ಧದ ನಂತರ 1960ರ ದಶಕದಲ್ಲಿ ಬಂದದ್ದು, 7.62 ತೋಟಾದ್ದು, 303 ತೋಟಾ ಅದಕ್ಕೆ ಆಗುವುದೇ ಇಲ್ಲ. ಪಾಕಿಸ್ತಾನದ ದರ್ರಾ ಆದಂ ಖೇಲ್ ಕಡೆ ಕೈಯಲ್ಲಿ ಮಾಡಿದ ನಕಲುಗಳೂ ಸಿಗುತ್ತವೆ. ಎನ್‌ಫೀಲ್ಡ್ ಅನ್ನುವ ಹೆಸರಿನ ಇಂಗ್ಲಿಷ್ ಅಕ್ಷರಗಳೇ ತಿರುಗುಮುರುಗಾಗಿರುತ್ತವೆ, ರಾಣಿ ವಿಕ್ಟೋರಿಯಾಳ ಮುದ್ರೆಯ ಕೆಳಗೆ 1910ರ ಇಸವಿ ಇರುತ್ತದೆ. ರಾಣಿ ತೀರಿಕೊಂಡದ್ದು 1901ರಲ್ಲಿ. ಆ ರೈಫಲ್‌ಗಳ ಕಬ್ಬಿಣ ಎಂಥದ್ದು ಅಂತ ಮಾಡಿದವನಿಗೇ ಗೊತ್ತು, ಗೋಡೆಗೆ ತೂಗುಹಾಕಲು ಮಾತ್ರ ಸರಿ.

ಕಾನೂನಿನ ಮಾತು ನಿಮ್ಮ ಲೇಖನದಲ್ಲಿ ಇರಲೇ ಇಲ್ಲ. ಗ್ರೀನ್ ಕಾರ್ಡ್ ಇದ್ದವರು ಇಲ್ಲಿ ಬಂದೂಕು ಕೊಳ್ಳಬಹುದು. ಎಚ್-1ಬಿ ಥರದ ವೀಸಾದಲ್ಲಿ ಬಂದವರಿಗೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಇಲ್ಲಿನ ಫೆಡರಲ್ ಕಾನೂನು ಬಿಡುವುದಿಲ್ಲ. ಅಂಗಡಿಯವರು ತುಂಬಿಸುವ 4473 ಫಾರಂನಲ್ಲಿ ಇದನ್ನೇ ಕೇಳುತ್ತಾರೆ, ಅಲ್ಲಿ ಸುಳ್ಳು ಬರೆದರೆ ಜೈಲು. ಕೊಂಡ ರೈಫಲನ್ನು ಊರಿಗೆ ಒಯ್ಯುವ ಆಸೆಯಂತೂ ಬೇಡವೇ ಬೇಡ. ಭಾರತದಲ್ಲಿ 303 ನಿಷೇಧಿತ ಬೋರ್, ಅಂದರೆ ಆ ನಳಿಗೆಯ ಅಳತೆಯ ಬಂದೂಕು ಜನಸಾಮಾನ್ಯರಿಗೆ ನಿಷಿದ್ಧ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ, ನಿಜ. ಅದನ್ನು ನಂಬಿಕೊಂಡು ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಪೂಜೆಗಿಡೋಣ ಅಂತ ಸಾಮಾನಿನ ಜೊತೆ ತ್ರೀ-ನಾಟ್-ತ್ರೀ ತಂದರೆ ಏರ್‌ಪೋರ್ಟ್‌ನಲ್ಲೇ ಸಿಕ್ಕಿಬೀಳುತ್ತೀರಿ.

ಇತಿ,
ಒಬ್ಬ ಓದುಗ
ಪೆನ್ಸಿಲ್ವೇನಿಯಾ, ಅಮೆರಿಕ