ದೊಡ್ಡ ಮಡಚು ಚಾಕು ಇನ್ನು ನಮ್ಮಲ್ಲಿ ಸಿಗುವುದಿಲ್ಲ: ಗ್ರಾಹಕರಿಗೊಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ಶಿರಸಿ ಅಂಗಡಿಯಲ್ಲಿ 'ಟ್ಯಾಕ್ಟಿಕಲ್' ಅಂತ ಕರೆಯುವ ದೊಡ್ಡ ಮಡಚು ಚಾಕುಗಳನ್ನು ಮಾರುವುದಿಲ್ಲ. ಫೋನ್ ಮಾಡಿ ಕೊರಿಯರ್‌ನಲ್ಲಿ ತರಿಸಿಕೊಳ್ಳುವ ಬೆಂಗಳೂರು, ಹುಬ್ಬಳ್ಳಿ ಕಡೆಯವರಿಗೂ ಇದೇ ಮಾತು. ಆ ಕಪಾಟಿನಲ್ಲಿ ಇನ್ನು ಮೇಲೆ ದಿನವೂ ಕೆಲಸಕ್ಕೆ ಬರುವ ಸಣ್ಣ ಜೇಬು ಚಾಕುಗಳು ಇರುತ್ತವೆ. ಕತ್ತಿ, ಕುಡುಗೋಲು, ಮೆಟ್ಟುಗತ್ತಿ, ಕಸಿ ಚಾಕು, ಈಳಿಗೆ ಮಣೆ ಎಲ್ಲ ಎಂದಿನಂತೆ ಸಿಗುತ್ತವೆ. ಅವುಗಳಲ್ಲಿ ಏನೂ ಬದಲಾವಣೆ ಇಲ್ಲ.

ಯಾವ ಚಾಕು ನಿಲ್ಲಿಸುತ್ತಿದ್ದೇವೆ ಅನ್ನುವುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಅಲಗು ನಾಲ್ಕು ಇಂಚು ಅಥವಾ ಅದಕ್ಕಿಂತ ಉದ್ದ. ಅಲಗಿನ ಬೆನ್ನು ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪ. ತೂಕ 200 ಗ್ರಾಂ ಆಸುಪಾಸು. ಮೈಯೆಲ್ಲ ಕಪ್ಪು ಬಣ್ಣ. ಹೆಬ್ಬೆರಳಿನಿಂದ ತಳ್ಳಿದರೆ ಟಕ್ ಅಂತ ತೆರೆದು ಲಾಕ್ ಆಗುತ್ತದೆ. ನೋಡಲು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಲಾಭವೂ ಅದರಲ್ಲೇ ಜಾಸ್ತಿ. ಆದರೂ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಯಾಕೆ ಅಂತ ಹೇಳಬೇಕಲ್ವಾ?

ಮೊದಲನೆಯದು, ಅದು ಸರಿಯಾಗಿ ಕೊಯ್ಯುವುದಿಲ್ಲ. ಇದನ್ನು ಗಿರಾಕಿಗಳ ಎದುರೇ ಎಷ್ಟೋ ಸಲ ಮಾಡಿ ತೋರಿಸಿದ್ದೇವೆ. ಒಂದು ಎಳೆ ಸೌತೆಕಾಯಿ ತೆಗೆದುಕೊಳ್ಳಿ. ದಪ್ಪ ಅಲಗಿನ ಚಾಕುವಿನಿಂದ ತೆಳ್ಳಗೆ ಬಿಲ್ಲೆ ತೆಗೆಯಲು ನೋಡಿ. ಚಾಕು ಹೊಸದು, ಬಾಯಿಯೂ ಹರಿತ. ಮೊದಲ ಅರ್ಧ ಇಂಚು ಸರಾಗವಾಗಿ ಇಳಿಯುತ್ತದೆ. ಆಮೇಲೆ ಬೆನ್ನಿನ ದಪ್ಪ ಅಡ್ಡ ಬರುತ್ತದೆ. ಕಟ್ಟಿಗೆ ಸೀಳುವ ಬೆಣೆಯ ಹಾಗೆ ಅದು ಎರಡೂ ಕಡೆ ಒತ್ತುತ್ತದೆ. ಪಟ್ ಅಂತ ಸದ್ದು ಬಂದು ಬಿಲ್ಲೆ ಮುರಿದು ಬೀಳುತ್ತದೆ. ಅದನ್ನು ಕೊಯ್ದದ್ದು ಅನ್ನಲಾಗುವುದಿಲ್ಲ, ಒಡೆದದ್ದು ಅನ್ನಬೇಕು. ಅದೇ ಸೌತೆಕಾಯಿಗೆ ಎರಡು ಮಿಲಿಮೀಟರ್‌ಗಿಂತ ತೆಳು ಬೆನ್ನಿನ ಸಣ್ಣ ಚಾಕು ಹಾಕಿದರೆ ಆ ಕಡೆ ಈ ಕಡೆ ಬೆಳಕು ಕಾಣುವಷ್ಟು ತೆಳ್ಳಗಿನ ಬಿಲ್ಲೆ ಬರುತ್ತದೆ. ಬಾಯಿ ಎಷ್ಟು ಹರಿತ ಅನ್ನುವಷ್ಟೇ, ಬಾಯಿಯ ಹಿಂದೆ ಲೋಹ ಎಷ್ಟು ದಪ್ಪ ಅನ್ನುವುದೂ ಮುಖ್ಯ. ಚಾಕು ಕೊಳ್ಳುವವರು ಇದನ್ನು ಕೇಳುವುದೇ ಅಪರೂಪ.

ಇನ್ನೊಂದು ಉದಾಹರಣೆ ಹಿಂಡಿ ಚೀಲ. ದನ ಸಾಕಿದವರಿಗೆ ಇದು ದಿನದ ಕೆಲಸ. ಚೀಲದ ಬಾಯಿಗೆ ಮೆಷಿನ್ ಹೊಲಿಗೆ ಹಾಕಿರುತ್ತಾರೆ. ಒಂದು ತುದಿಯಲ್ಲಿ ಸರಿಯಾದ ಎಳೆ ಕತ್ತರಿಸಿ ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತದೆ. ಚೀಲ ಹಾಳಾಗುವುದಿಲ್ಲ, ಮತ್ತೆ ಬಳಸಬಹುದು. ಆ ಎಳೆಯ ಅಡಿಗೆ ಮೊನೆ ತೂರಬೇಕು. ಟ್ಯಾಕ್ಟಿಕಲ್ ಚಾಕುವಿನ ಮೊನೆ ಮುರಿಯಬಾರದು ಅಂತ ದಪ್ಪಗೆ ಮಾಡಿರುತ್ತಾರೆ. ಅದು ತೂರುವುದಿಲ್ಲ. ಒತ್ತಿದರೆ ಎಳೆಯ ಬದಲು ಚೀಲವೇ ಸೀಳಿ ಹಿಂಡಿ ಕೊಟ್ಟಿಗೆ ತುಂಬ ಚೆಲ್ಲುತ್ತದೆ. ಎರಡೂವರೆ ಇಂಚಿನ ಸಣ್ಣ ಚಾಕುವಿಗೆ ಇದು ಕೆಲಸವೇ ಅಲ್ಲ.

ನಮ್ಮ ಗ್ರಾಹಕರು ಜೇಬು ಚಾಕುವಿನಿಂದ ನಿಜವಾಗಿ ಏನು ಮಾಡುತ್ತಾರೆ? ಸುತಳಿ ಕತ್ತರಿಸುತ್ತಾರೆ. ಪಾರ್ಸೆಲ್ ಬಾಕ್ಸಿನ ಟೇಪ್ ಬಿಡಿಸುತ್ತಾರೆ. ಹನಿ ನೀರಾವರಿಯ ಪೈಪ್ ಅಳತೆಗೆ ಕೊಯ್ಯುತ್ತಾರೆ. ಬಾಳೆಲೆ ಕೊಯ್ಯುತ್ತಾರೆ, ಕಾಳುಮೆಣಸಿನ ಬಳ್ಳಿಗೆ ಕಟ್ಟಿದ ಹಗ್ಗ ಬಿಚ್ಚುತ್ತಾರೆ, ಪೇರಲೆಹಣ್ಣು ಹೋಳು ಮಾಡಿ ಮಕ್ಕಳಿಗೆ ಕೊಡುತ್ತಾರೆ. ಪಟ್ಟಣದವರಾದರೆ ಕೊರಿಯರ್ ಕವರ್, ಬಟ್ಟೆಯ ಲೇಬಲ್, ಸಡಿಲವಾದ ಸ್ಕ್ರೂ. ಇದರಲ್ಲಿ ನಾಲ್ಕು ಇಂಚಿನ ಅಲಗು ಬೇಡುವ ಕೆಲಸ ಒಂದೂ ಇಲ್ಲ.

ಹಾಗಾದರೆ ದೊಡ್ಡ ಕೆಲಸಕ್ಕೆ ಏನು ಮಾಡುವುದು ಅಂತ ಕೇಳಬಹುದು. ದೊಡ್ಡ ಕೆಲಸಕ್ಕೆ ಕತ್ತಿ ಇದೆಯಲ್ಲ! ಸೊಪ್ಪು ಕಡಿಯಲು, ತೆಂಗಿನಕಾಯಿ ಕೆತ್ತಲು, ಬೇಲಿ ಸವರಲು ನಮ್ಮ ಊರಿನಲ್ಲಿ ಯಾರೂ ಮಡಚು ಚಾಕು ತೆಗೆದವರಲ್ಲ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವುದು ಕತ್ತಿಯನ್ನೇ. ಆಚಾರಿಗಳು ಹಳೇ ಲಾರಿಯ ಕಮಾನು ಪಟ್ಟಿ ಕಾಯಿಸಿ ಬಡಿದು ಮಾಡಿದ ಕತ್ತಿ ಹಿಡಿಯ ತನಕ ಒಂದೇ ಲೋಹ. ಅದರಲ್ಲಿ ಕೀಲು ಇಲ್ಲ, ಲಾಕ್ ಇಲ್ಲ, ಸಡಿಲ ಆಗುವ ಸ್ಕ್ರೂ ಇಲ್ಲ. ಮಡಚುವ ಚಾಕು ಎಷ್ಟೇ ದೊಡ್ಡದಿರಲಿ, ಅದರ ಎಲ್ಲ ಭಾರ ಬೀಳುವುದು ಒಂದು ಸಣ್ಣ ಪಿನ್ನಿನ ಮೇಲೆ. ಕಡಿಯಲು ಹೋದರೆ ಕೀಲು ಅಲುಗುತ್ತದೆ, ಲಾಕ್ ಸವೆಯುತ್ತದೆ. ರಿಪೇರಿಗೆ ಅಂತ ನಮ್ಮಲ್ಲಿಗೆ ವಾಪಸ್ ಬಂದ ದೊಡ್ಡ ಚಾಕುಗಳಲ್ಲಿ ಹೆಚ್ಚಿನವಕ್ಕೆ ಆಗಿದ್ದು ಇದೇ. ಕಡಿಯುವ ಕೆಲಸದಲ್ಲಿ ಕತ್ತಿಗೆ ಸಮ ಇಲ್ಲ, ಕೊಯ್ಯುವ ಕೆಲಸದಲ್ಲಿ ಸಣ್ಣ ಚಾಕುವಿಗೆ ಸಮ ಇಲ್ಲ. ಎರಡಕ್ಕೂ ಸಲ್ಲದ ದೊಡ್ಡ ಮಡಚು ಚಾಕುವಿಗೆ ನಿಮ್ಮಿಂದ ಎರಡು ಮೂರು ಪಟ್ಟು ದುಡ್ಡು ತೆಗೆದುಕೊಳ್ಳುವುದು ನಮಗೆ ಸರಿ ಕಾಣಲಿಲ್ಲ.

ಬೇರೆ ದೇಶಗಳಲ್ಲೂ ಕೆಲಸದ ಜನರ ಜೇಬಿನಲ್ಲಿ ಉಳಿದದ್ದು ಸಣ್ಣ ಚಾಕುವೇ. ಫ್ರಾನ್ಸಿನ ಸಾವೋಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮರದ ಹಿಡಿಯ ಒಂದು ಚಾಕು ಮಾಡಿದರು. 1897ರಲ್ಲಿ ಅದನ್ನು 1ರಿಂದ 12ರ ತನಕ ನಂಬರ್ ಹಾಕಿ ಬೇರೆ ಬೇರೆ ಅಳತೆಯಲ್ಲಿ ತಂದರು. ಇವತ್ತಿಗೂ ಜನ ಹೆಚ್ಚು ಕೇಳುವ ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್. ತೂಕ 50 ಗ್ರಾಂ ಆಸುಪಾಸು. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಎಂಬ ಚಾಕುವೂ ಹಾಗೇ. ಒಂದು ಅಲಗು, ಮಡಚಿದ ತಗಡಿನ ಹಿಡಿ, ಅಷ್ಟೇ.

ಸೈನಿಕರ ಚಾಕು ಬೇಕು ಅಂತ ಕೇಳಿಕೊಂಡು ಬರುವ ಹುಡುಗರಿಗೆ ನಾವು ಸ್ವಿಟ್ಜರ್ಲೆಂಡಿನ ವಿಷಯ ಹೇಳುತ್ತೇವೆ. ಆ ದೇಶದ ಸೈನ್ಯ 1891ರಲ್ಲಿ ತನ್ನ ಸೈನಿಕರಿಗೆ ಕೊಟ್ಟ ಚಾಕುವಿನಲ್ಲಿ ಇದ್ದದ್ದು ಒಂದು ಅಲಗು, ತೂತು ಕೊರೆಯುವ ಒಂದು ಮೊಳೆ, ಡಬ್ಬಿ ತೆರೆಯುವ ಒಂದು ಸಾಧನ, ಒಂದು ಸ್ಕ್ರೂ ಡ್ರೈವರ್. ಅವರ ಹೊಸ ಬಂದೂಕು ಬಿಚ್ಚಲು ಸ್ಕ್ರೂ ಡ್ರೈವರ್ ಬೇಕಿತ್ತು, ಡಬ್ಬಿಯ ಊಟ ತೆರೆಯಲು ಇನ್ನೊಂದು ಬೇಕಿತ್ತು. ಇಬಾಖ್ ಊರಿನ ಕಾರ್ಲ್ ಎಲ್ಸೆನರ್ ಆ ಚಾಕು ಮಾಡಿಕೊಟ್ಟರು. ಅವರ ಕಂಪನಿಯೇ ಇವತ್ತಿನ ವಿಕ್ಟೋರಿನಾಕ್ಸ್. ಸೈನಿಕನಿಗೂ ಚಾಕು ಬೇಕಾದದ್ದು ಊಟಕ್ಕೆ ಮತ್ತು ರಿಪೇರಿಗೆ.

ಎರಡನೆಯ ಕಾರಣವನ್ನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕು. 'ಆತ್ಮರಕ್ಷಣೆಗೆ ಒಂದು ಇರಲಿ' ಅಂತ ದೊಡ್ಡ ಚಾಕು ಕೇಳುವವರು ಹೆಚ್ಚಾಗಿದ್ದಾರೆ. ಅದರಲ್ಲೂ ಕಾಲೇಜು ಹುಡುಗರು. ಆ ಉದ್ದೇಶಕ್ಕೆ ನಾವು ಯಾವ ಚಾಕುವನ್ನೂ ಮಾರುವುದಿಲ್ಲ. ಜಗಳದಲ್ಲಿ ಚಾಕು ಹೊರಗೆ ಬಂದರೆ ಬೈಗುಳದಲ್ಲಿ ಮುಗಿಯುವ ಮಾತು ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಹೋಗುತ್ತದೆ. ತೆಗೆದವನ ಕೈಯೇ ಕೊಯ್ದುಕೊಳ್ಳುವುದೂ ಉಂಟು. ನಿಮ್ಮ ಮಗ ಇಂಥದ್ದು ಬೇಕು ಅಂತ ಹಟ ಹಿಡಿದಿದ್ದರೆ ದಯವಿಟ್ಟು ಕೂರಿಸಿಕೊಂಡು ಮಾತಾಡಿ. ಹದಿನೆಂಟು ತುಂಬದವರಿಗೆ ಸಣ್ಣ ಚಾಕುವನ್ನೂ ಮನೆಯ ಹಿರಿಯರು ಜೊತೆಗೆ ಬಂದರೆ ಮಾತ್ರ ಕೊಡುತ್ತೇವೆ.

ಕಾನೂನಿಗೆ ಹೆದರಿ ನಿಲ್ಲಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಕೇಂದ್ರದ ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಾಗಿಯೇ ನಿಮ್ಮ ಕತ್ತಿಗೆ ಲೈಸೆನ್ಸ್ ಬೇಡ. ನಮ್ಮಲ್ಲಿದ್ದ ಮಡಚು ಚಾಕುಗಳು ಯಾವುವೂ ಆ ಅಳತೆ ಮೀರಿದವಲ್ಲ. ಆದರೆ ಆ ನಿಯಮದಲ್ಲಿ ಅಳತೆಯ ಜೊತೆಗೆ ಉದ್ದೇಶದ ಮಾತೂ ಇದೆ ನೋಡಿ. 'ಇದು ಯಾವ ಕೆಲಸಕ್ಕೆ?' ಅಂತ ಪೊಲೀಸರು ಕೇಳಿದರೆ ಸಣ್ಣ ಚಾಕು ಇಟ್ಟುಕೊಂಡವರ ಹತ್ತಿರ ಉತ್ತರ ಇರುತ್ತದೆ. ಉತ್ತರ ಪ್ರದೇಶದ ರಾಂಪುರದಲ್ಲಿ ಮಡಚು ಚಾಕು ಮಾಡುವ ಕುಶಲ ಕೆಲಸಗಾರರು ಇದ್ದರು. ಅವರ ಕೈಕೆಲಸಕ್ಕೆ ನಮಗೆ ಬಹಳ ಗೌರವ ಇದೆ. ಆದರೆ ಆ ಉದ್ದ ಅಲಗಿಗೆ ರೌಡಿಗಳ ಚಾಕು ಅನ್ನುವ ಹೆಸರು ಅಂಟಿತು, ಕಾನೂನು ಬಿಗಿಯಾಯಿತು, ವ್ಯಾಪಾರ ಸೊರಗಿತು. ದೆಹಲಿಗೆ ಓಡಾಡುವವರು ಇನ್ನೊಂದು ವಿಷಯ ತಿಳಿದಿರಲಿ. ಬಟನ್ ಒತ್ತಿದರೆ ತೆರೆಯುವ ಸ್ಪ್ರಿಂಗ್ ಚಾಕುವಿಗೆ ಅಲ್ಲಿ 1980ರಿಂದಲೇ ಬೇರೆ ನಿರ್ಬಂಧ ಇದೆ, ಅದೂ ಮೂರು ಇಂಚಿನ ಅಲಗಿಗೇ. ವಿಮಾನದಲ್ಲಿ ಎಷ್ಟು ಸಣ್ಣ ಚಾಕುವಾದರೂ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ. ನಮ್ಮ ಮೆಟ್ರೋ ಹತ್ತುವ ದಿನ ಮನೆಯಲ್ಲೇ ಬಿಟ್ಟು ಹೋಗಿ.

ಈಗ ಯಾವುದನ್ನು ಆರಿಸಿಕೊಳ್ಳಬೇಕು ಅನ್ನುವ ಮಾತಿಗೆ ಬರೋಣ. ತೋಟದವರು ಮೊದಲು ಮಳೆಗಾಲ ನೆನಪಿಟ್ಟುಕೊಳ್ಳಿ. ಮರದ ಹಿಡಿಯ ಒಪಿನೆಲ್ ಮಾದರಿಯ ಚಾಕು ಕೈಗೆ ಹಿತ, ಕೊಯ್ಯುವುದರಲ್ಲಿ ಬಹಳ ಚುರುಕು. ಅದರ ಹಿಡಿಯ ಕೊರಳಿಗೆ ಒಂದು ಲೋಹದ ಬಳೆ ಇರುತ್ತದೆ, ತಿರುಗಿಸಿದರೆ ಅಲಗು ಅಲ್ಲಾಡದೆ ನಿಲ್ಲುತ್ತದೆ. ಆದರೆ ನಮ್ಮ ಆಷಾಢದ ತೇವಕ್ಕೆ ಮರ ಉಬ್ಬಿ ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಉಗುರಿನಲ್ಲಿ ಎಳೆದು ಒದ್ದಾಡಬೇಡಿ. ಬಳೆ ಸಡಿಲ ಮಾಡಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿ. ಅಲಗಿನ ತಲೆ ತಾನಾಗಿ ಮೇಲೆ ಬರುತ್ತದೆ. ಸಾವೋಯ್ ಜನ ಮಾಡುವುದೂ ಹೀಗೇ. ಈ ರಗಳೆ ಬೇಡ ಅನ್ನುವವರಿಗೆ ಪ್ಲಾಸ್ಟಿಕ್ ಹಿಡಿ, ಸ್ಟೇನ್‌ಲೆಸ್ ಅಲಗು ಒಳ್ಳೆಯದು.

ಕಾರ್ಬನ್ ಸ್ಟೀಲ್ ಅಲಗು ಬೇಗ ಹರಿತ ಆಗುತ್ತದೆ, ಆದರೆ ಆರೈಕೆ ಕೇಳುತ್ತದೆ. ಹಸಿ ಅಡಿಕೆ ಕೊಯ್ದರೆ ಚೊಗರು ತಾಗಿ ಕಪ್ಪಾಗುತ್ತದೆ. ಅದನ್ನು ನೋಡಿ ಚಾಕು ಹಾಳಾಯಿತು ಅಂತ ವಾಪಸ್ ತರಬೇಡಿ. ಕಪ್ಪು ತೊಂದರೆ ಇಲ್ಲ, ಕೆಂಪು ತುಕ್ಕು ಮಾತ್ರ ತೊಂದರೆ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ.

ಲಾಕ್ ಇಲ್ಲದ ಚಾಕುಗಳ ಬಗ್ಗೆ ಒಂದು ಎಚ್ಚರಿಕೆ. ಇವುಗಳಲ್ಲಿ ಅಲಗನ್ನು ಹಿಡಿದು ನಿಲ್ಲಿಸುವುದು ಹಿಂದಿನ ಒಂದು ಸ್ಪ್ರಿಂಗ್ ಪಟ್ಟಿ ಅಷ್ಟೇ. ಎಳೆದು ಕೊಯ್ಯಿರಿ, ಮೊನೆಯಿಂದ ಚುಚ್ಚಿ ತಿರುವಬೇಡಿ. ತಿರುವಿದರೆ ಅಲಗು ಬೆರಳಿನ ಮೇಲೇ ಮಡಚುತ್ತದೆ. ಕಸಿ ಕಟ್ಟುವವರು ಯಾವ ಜೇಬು ಚಾಕುವನ್ನೂ ಕೊಳ್ಳಬೇಡಿ. ಒಂದೇ ಬದಿಗೆ ಮಸೆದ ಕಸಿ ಚಾಕುವನ್ನೇ ಕೇಳಿ, ಅದನ್ನು ಕಸಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಹರಿತ ಮಾಡುವುದು ಸುಲಭ ಅನ್ನುವುದೂ ಸಣ್ಣ ಚಾಕುವಿನ ಒಂದು ದೊಡ್ಡ ಗುಣ. ಟ್ಯಾಕ್ಟಿಕಲ್ ಚಾಕುಗಳಲ್ಲಿ ಹಲವಕ್ಕೆ ಬಹಳ ಗಟ್ಟಿ ಉಕ್ಕು ಹಾಕಿರುತ್ತಾರೆ. ಅದು ಬೇಗ ಮೊಂಡಾಗುವುದಿಲ್ಲ, ಆದರೆ ಮೊಂಡಾದರೆ ಮನೆಯ ಮಸೆಗಲ್ಲಿಗೆ ಬಗ್ಗುವುದೇ ಇಲ್ಲ. ಸಣ್ಣ ಚಾಕುವಿನ ಉಕ್ಕು ಸ್ವಲ್ಪ ಮೆದು. ಮಸೆಗಲ್ಲು ಇಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದಲ್ಲ, ಅದರ ಮೇಲೆ ಎರಡೂ ಬದಿ ಹಗುರವಾಗಿ ಏಳೆಂಟು ಸಲ ಎಳೆದರೆ ಬಾಯಿ ಮತ್ತೆ ಬರುತ್ತದೆ. ಇನ್ನು ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಅಂಗಡಿಯಲ್ಲೇ ಸಾಣೆ ಹಿಡಿದು ಕೊಡುತ್ತೇವೆ. ನಮ್ಮಲ್ಲಿ ಕೊಂಡ ಜೇಬು ಚಾಕುವಿಗೆ ದುಡ್ಡು ಇಲ್ಲ. ಮಸೆಯುವುದನ್ನು ಕಲಿಯಬೇಕು ಅನ್ನುವವರು ಚಾಕು ತಂದು ಜೊತೆಗೆ ಕೂರಬಹುದು.

ಈಗಾಗಲೇ ನಮ್ಮಲ್ಲಿ ದೊಡ್ಡ ಚಾಕು ಕೊಂಡವರು ಚಿಂತೆ ಮಾಡಬೇಡಿ. ಗ್ಯಾರಂಟಿ ಹಾಗೇ ಇರುತ್ತದೆ. ಸ್ಕ್ರೂ ಬಿಗಿ ಮಾಡುವುದು, ಕ್ಲಿಪ್ ಬದಲಿಸುವುದು ಎಂದಿನಂತೆ ಮಾಡಿಕೊಡುತ್ತೇವೆ. ಬದಲಿಸಿಕೊಳ್ಳುವ ಮನಸ್ಸಿದ್ದರೆ ದೀಪಾವಳಿಯ ಒಳಗೆ ಬಿಲ್ ಜೊತೆ ತನ್ನಿ. ಬಿಲ್ಲಿನ ಅರ್ಧ ಮೊತ್ತವನ್ನು ಅಂಗಡಿಯ ಯಾವುದೇ ಸಾಮಾನಿನ ಬೆಲೆಯಲ್ಲಿ ಕಡಿಮೆ ಮಾಡುತ್ತೇವೆ. ಕತ್ತಿ ತೆಗೆದುಕೊಂಡರೂ ಸರಿ, ಈಳಿಗೆ ಮಣೆ ತೆಗೆದುಕೊಂಡರೂ ಸರಿ. ಹಾಗೆ ಬಂದ ಚಾಕುಗಳನ್ನು ಮತ್ತೆ ಯಾರಿಗೂ ಮಾರುವುದಿಲ್ಲ, ಅಲಗು ಮುರಿದು ಗುಜರಿಗೆ ಹಾಕುತ್ತೇವೆ. ಮುಂಗಡ ಕೊಟ್ಟು ಕಾಯುತ್ತಿರುವವರಿಗೆ ಪೂರ್ತಿ ಹಣ ವಾಪಸ್. ಫೋನ್ ಮಾಡಿ ಹೇಳಿದರೆ ಸಾಕು, ಬರಬೇಕಾಗಿಲ್ಲ.

ಹೊಸ ಚಾಕುಗಳು ಬಂದ ಮೇಲೆ ಒಂದೊಂದನ್ನು ಕೌಂಟರಿನಲ್ಲಿ ತೆರೆದೇ ಇಟ್ಟಿರುತ್ತೇವೆ. ಜೊತೆಗೆ ಸೌತೆಕಾಯಿ, ಸುತಳಿ, ಒಂದು ಹಳೇ ಚೀಲ ಇರುತ್ತದೆ. ಕೊಯ್ದು ನೋಡಿ, ಕೈಗೆ ಒಗ್ಗಿದರೆ ಮಾತ್ರ ಕೊಳ್ಳಿ.

ಇಂತಿ ನಿಮ್ಮ,
ಅಂಗಡಿಯ ಎಲ್ಲರ ಪರವಾಗಿ
ಶಿರಸಿ