ಬೋಟಿನ ಲೈಟಿಗೆ ವ್ಯಾಟ್ ಅಲ್ಲ, ಡಿಗ್ರಿ ಕೇಳಿ

ಮಾನ್ಯರೇ,

ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ದಕ್ಕೆಗೆ ಬಂದು ನಿಂತ ಬೋಟುಗಳಿಗೆ ಬಣ್ಣ, ಎಂಜಿನ್ ರಿಪೇರಿಯ ಜೊತೆಗೆ ವೈರಿಂಗ್ ಕೆಲಸವೂ ನಡೆಯುತ್ತದೆ. ರಾತ್ರಿ ಕಡಲಿನಲ್ಲಿ ಎದುರಿನವರಿಗೆ ಬೋಟು ಕಾಣಲೆಂದು ಹಾಕುವ ಲೈಟ್ ಕೊಳ್ಳುವಾಗ ಮಾತ್ರ ಎಲ್ಲರೂ ಕೇಳುವುದು ಒಂದೇ: ಎಷ್ಟು ವ್ಯಾಟ್? ಕೇಳಬೇಕಾದದ್ದು ಎಷ್ಟು ಡಿಗ್ರಿಗೆ ಕಾಣುತ್ತದೆ, ಎಷ್ಟು ಮೈಲಿಗೆ ಕಾಣುತ್ತದೆ ಎಂದು.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಇವು ನೇರ ಮುಂದಿನಿಂದ ತಂತಮ್ಮ ಬದಿಗೆ 112.5 ಡಿಗ್ರಿ ಮಾತ್ರ ಕಾಣಬೇಕು. ಮಾಸ್ಟ್‌ನ (ಬೋಟಿನ ಕಂಬದ) ಬಿಳಿ ದೀಪ ಮುಂದಕ್ಕೆ 225 ಡಿಗ್ರಿ, ಹಿಂಬದಿಯದು 135 ಡಿಗ್ರಿ. ಬೋಟು ಯಾವ ಕಡೆಗೆ ಹೊರಟಿದೆ ಎಂದು ಹಡಗಿನವರು ಲೆಕ್ಕ ಹಾಕುವುದು ಇದರಿಂದಲೇ. 12ರಿಂದ 20 ಮೀಟರ್ ಉದ್ದದ ಬೋಟಿಗೆ ಮಾಸ್ಟ್ ದೀಪ 3 ನಾಟಿಕಲ್ ಮೈಲಿ, ಉಳಿದವು 2 ಮೈಲಿ ಕಾಣಬೇಕು. 20 ಮೀಟರ್, ಅಂದರೆ ಸುಮಾರು 65 ಅಡಿ ಮುಟ್ಟಿದರೆ ಮಾಸ್ಟ್ ದೀಪ 5 ಮೈಲಿ. 12 ಮೀಟರಿಗಿಂತ ಚಿಕ್ಕ ನಾಡದೋಣಿಗೆ ಕೆಂಪು-ಹಸಿರು 1 ಮೈಲಿ ಕಂಡರೆ ಸಾಕು. ಮಾಸ್ಟ್ ಮತ್ತು ಹಿಂಬದಿ ದೀಪಗಳ ಬದಲು ಸುತ್ತಲೂ ಕಾಣುವ ಒಂದೇ ಬಿಳಿ ದೀಪ ನಡೆಯುತ್ತದೆ.

ಹೆಚ್ಚು ಕೆಡುವುದು ಹಳೆಯ ಲೈಟಿನ ಬಲ್ಬ್ ಕಿತ್ತು ಎಲ್‌ಇಡಿ ಹಾಕಿದಾಗ. ಹಳೆಯ ಬಲ್ಬಿನ ತಂತಿ ಇರುವ ಜಾಗಕ್ಕೆ ಹೊಂದಿಸಿ ಆ ಗಾಜು, ಅಂಚುಗಳನ್ನು ಮಾಡಿರುತ್ತಾರೆ. ಎಲ್‌ಇಡಿಯ ಬೆಳಕು ಬೇರೆ ಕಡೆಯಿಂದ ಹೊರಡುವುದರಿಂದ ಕೆಂಪು ಬಲಬದಿಗೂ ಸೋರುತ್ತದೆ. ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಅಂಶವೇ ಕಡಿಮೆ, ಹಾಗಾಗಿ ಕೆಂಪು ಗಾಜು ಮಂಕಾಗುತ್ತದೆ, ಹಸಿರು ನೀಲಿಗೆ ವಾಲುತ್ತದೆ. ಎಲ್‌ಇಡಿ ಬೇಕಿದ್ದರೆ ಪೂರ್ತಿ ಲೈಟನ್ನೇ ಬದಲಿಸಿ. ಅಗ್ಗದ ಎಲ್‌ಇಡಿಯಲ್ಲಿ ಇನ್ನೊಂದು ತೊಂದರೆ: ಅದರ ಡ್ರೈವರ್ (ಕರೆಂಟ್ ಹದಗೊಳಿಸುವ ಸರ್ಕ್ಯೂಟ್) ಕಡಲಿನಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೋಗೆ ಅಡ್ಡಿ ಮಾಡುತ್ತದೆ. ಖಾಲಿ ಚಾನೆಲ್‌ನಲ್ಲಿ ಸದ್ದು ನಿಲ್ಲುವ ತನಕ ಸ್ಕ್ವೆಲ್ಚ್ (ಗರಗರ ತಡೆಯುವ ಗುಂಡಿ) ತಿರುಗಿಸಿ, ಆಮೇಲೆ ಲೈಟ್ ಹಾಕಿ ನೋಡಿ. ಗರಗರ ಶುರುವಾದರೆ ಆ ಲೈಟ್ ಬೇಡ. ತುರ್ತು ಕರೆಯ 16ನೇ ಚಾನೆಲ್ಲಿಗೂ ಅದೇ ಗತಿ.

ಬಲ್ಬನ್ನೇ ಉಳಿಸಿಕೊಳ್ಳುವವರು ವೈರ್ ನೋಡಿಕೊಳ್ಳಲಿ. 12 ವೋಲ್ಟಿನಲ್ಲಿ 25 ವ್ಯಾಟ್ ಬಲ್ಬಿಗೆ 15 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರ್ ಎಳೆದರೆ ಹೋಗಿಬರುವ ದಾರಿಯಲ್ಲೇ ಸುಮಾರು ಮುಕ್ಕಾಲು ವೋಲ್ಟ್ ಖರ್ಚಾಗಿ, ಬೆಳಕಿನ ಐದನೇ ಒಂದು ಪಾಲು ಹೋಗುತ್ತದೆ. 4 ಚದರ ಮಿ.ಮೀ. ತವರ ಲೇಪಿಸಿದ ತಾಮ್ರದ ವೈರ್ ಹಾಕಿ. ಮನೆ ವೈರಿಂಗಿನ ವೈರ್ ಉಪ್ಪುಗಾಳಿಗೆ ಒಳಗಿಂದೊಳಗೇ ಹಸಿರುಗಟ್ಟುತ್ತದೆ.

ಮೀನು ಹಿಡಿಯುವಾಗ ಹಾಕುವ ದೀಪಗಳು ಬೇರೆ: ಬಲೆ ಎಳೆಯುವ ಟ್ರಾಲ್ ಬೋಟಿಗೆ ಮೇಲೆ ಹಸಿರು, ಕೆಳಗೆ ಬಿಳಿ. ಉಳಿದ ಬಲೆಯವರಿಗೆ ಮೇಲೆ ಕೆಂಪು, ಕೆಳಗೆ ಬಿಳಿ. ಎರಡೂ ಸುತ್ತಲೂ ಕಾಣಬೇಕು, 20 ಮೀಟರಿಗಿಂತ ಚಿಕ್ಕ ಬೋಟಿನಲ್ಲಿ ನಡುವೆ ಕನಿಷ್ಠ 1 ಮೀಟರ್ ಅಂತರ ಬೇಕು. ಮಾಸ್ಟ್ ಕೊಳವೆಗೆ ಅಂಟಿಸಿ ಕೂರಿಸಿದರೆ ಒಂದು ಮಗ್ಗುಲು ಕತ್ತಲಾಗುತ್ತದೆ, ಬ್ರಾಕೆಟ್ ಕೊಟ್ಟು ಹೊರಗೆ ತನ್ನಿ. ಇವಕ್ಕೆ ಬೇರೆ ಸ್ವಿಚ್ ಇರಲಿ. ಮೀನು ತುಂಬಿಕೊಂಡು ಬಂದರಿಗೆ ಓಡುವಾಗಲೂ ಇವು ಉರಿಯುತ್ತಿದ್ದರೆ, ಬಲೆ ಎಳೆಯುತ್ತ ನಿಧಾನಕ್ಕೆ ಹೋಗುತ್ತಿದ್ದಾರೆ ಎಂದೇ ಎದುರಿನವರು ತಿಳಿಯುತ್ತಾರೆ.

ಇನ್ನು ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಸುತ್ತ ಮಿನುಗುವ ಬಣ್ಣದ ಮಾಲೆ. ಹಬ್ಬಕ್ಕೆ ಚೆಂದ, ದಕ್ಕೆಯಲ್ಲಿ ನಿಂತಾಗ ಹಾಕಿಕೊಳ್ಳಲಿ. ಕಡಲಿನಲ್ಲಿ ಅದು ನಿಜವಾದ ಕೆಂಪು-ಹಸಿರನ್ನು ನುಂಗಿಬಿಡುತ್ತದೆ. ಡೆಕ್ಕಿನ ಫ್ಲಡ್‌ಲೈಟೂ ಅಷ್ಟೇ. ಅದಕ್ಕೆ ಮರೆ ಕಟ್ಟಿ ಕೆಳಮುಖ ಮಾಡಿ, ಓಡುವಾಗ ಆರಿಸಿ. ಬೆಳಕು ಕಂಡ ತಾಂಡೇಲರ (ಬೋಟು ನಡೆಸುವವರ) ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತು-ಮೂವತ್ತು ನಿಮಿಷ ಬೇಕು.

ಲೈಟ್ ಫಿಶಿಂಗನ್ನು, ಅಂದರೆ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದನ್ನು, ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದ ಮೇಲೆ ಬೋಟಿನ ದೀಪದ ಮಾತೆಲ್ಲ ಅದರ ಸುತ್ತಲೇ ತಿರುಗುತ್ತಿದೆ. ಮೀನುಗಾರಿಕೆ ಇಲಾಖೆಯವರು ಬೋಟು ತಪಾಸಣೆಗೆ ಬಂದಾಗ ಈ ದೀಪಗಳನ್ನೂ ಹಚ್ಚಿಸಿ ನೋಡಲಿ. ಪರೀಕ್ಷೆ ಸುಲಭ: ಸಂಜೆ ಕತ್ತಲಾದ ಮೇಲೆ ಸಣ್ಣ ದೋಣಿಯಲ್ಲಿ ಬೋಟಿನ ನೇರ ಮುಂದೆ ನೂರಡಿ ದೂರ ನಿಲ್ಲಿ, ಕೆಂಪು-ಹಸಿರು ಎರಡೂ ಕಾಣಬೇಕು. ಒಂದು ಬದಿಗೆ ಸರಿದು ಹೋದಂತೆ ಒಂದು ಬಣ್ಣ ಮಾಯವಾಗಬೇಕು. ಆಗದಿದ್ದರೆ ಆಗಸ್ಟ್ 1ಕ್ಕೆ ಮುಂಚೆ ಲೈಟಿನ ಮರೆಹಲಗೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಕೋನ ಸರಿಪಡಿಸಿ, ಇನ್ನೊಮ್ಮೆ ದೋಣಿ ಇಳಿಸಿ ನೋಡಿ.

– ಬೋಟ್ ವೈರಿಂಗ್ ಕೆಲಸದವರು, ಮಲ್ಪೆ