‘ಡೆರ್ ಉಲ್ಕುಸ್’ ಅಂದದ್ದಕ್ಕೆ

ಪುಟ್ಟಿ,

ಮನೆ ಸುದ್ದಿ ನಿಮ್ಮಮ್ಮ ಹೇಳಿರುತ್ತಾಳೆ. ನಾನು ಜರ್ಮನಿಯ ಆಸ್ಪತ್ರೆಯಿಂದ ನೀನು ಬರೆದ ಕಾಗದದ ಕೊನೇ ಸಾಲಿಗೇ ಬರುತ್ತೇನೆ. ‘ಮಾವ, ರೌಂಡ್ಸ್‌ನಲ್ಲಿ ಡೆರ್ ಉಲ್ಕುಸ್ ಅಂದುಬಿಟ್ಟೆ. ಎಲ್ಲರೂ ನಕ್ಕರು. ಈಗ ಬಾಯಿ ತೆರೆಯಲಿಕ್ಕೇ ಹೆದರಿಕೆ.’ ಇದನ್ನು ಓದಿ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಉಲ್ಕುಸ್ ಅಂದರೆ ಹುಣ್ಣು; ಜರ್ಮನ್‌ನಲ್ಲಿ ಶಬ್ದದ ಹಿಂದೆಮುಂದೆ ನೋಡದೆ ಪುಲ್ಲಿಂಗಕ್ಕೆ ಡೆರ್, ನಪುಂಸಕಕ್ಕೆ ಡಾಸ್ ಸೇರಿಸಬೇಕು. ನೀನು ಅಂದದ್ದರಲ್ಲಿ ಲೆಕ್ಕ ಇತ್ತು. ‘ಉಸ್’ ಅಂತ ಮುಗಿಯುವ ಮುಸ್ಕುಲುಸ್ (ಸ್ನಾಯು) ಡೆರ್, ರಾಡಿಯುಸ್ (ಮುಂಗೈ ಮೂಳೆ) ಡೆರ್. ಹಾಗಾದರೆ ಉಲ್ಕುಸ್ಸೂ ಡೆರ್ ಅನ್ನಿಸುತ್ತದೆ, ಅಲ್ವಾ? ಆದರೆ ಲ್ಯಾಟಿನ್‌ನಲ್ಲೇ ಅದು ನಪುಂಸಕ. ಜರ್ಮನ್ನರು ಹಾಗೇ ಇಟ್ಟುಕೊಂಡರು: ಡಾಸ್ ಉಲ್ಕುಸ್, ತುಂಬಾ ಇದ್ದರೆ ಡೀ ಉಲ್ಟ್ಸೆರಾ.

ಸಂಸ್ಕೃತದಲ್ಲಿ ಹೆಂಡತಿಯ ಪಾಡು ನೋಡು. ಭಾರ್ಯಾ ಸ್ತ್ರೀಲಿಂಗ, ಕಲತ್ರ ನಪುಂಸಕ, ದಾರಾಃ ಪುಲ್ಲಿಂಗ, ಅದೂ ಬಹುವಚನ! 30 ವರ್ಷ ಇದನ್ನೇ ಪಾಠ ಮಾಡಿದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗ ದಾರಾ ಸ್ತ್ರೀಲಿಂಗ ಅಂದ. ‘ಮದುವೆ ಆಗೋತನಕ ನಿನಗಿದು ಬರಲ್ಲ ಬಿಡೋ’ ಅಂದೆ. ಕ್ಲಾಸು ನಕ್ಕಿತು. ನಾನೂ ನಕ್ಕೆ. ಆಮೇಲೆ ಅವನು ಕೈ ಎತ್ತಲಿಲ್ಲ. ಈಗ ಅವನದು ದಿನಸಿ ಅಂಗಡಿ. ಎಷ್ಟಾಯ್ತಪ್ಪಾ ಅಂದರೆ ಚೀಟಿಯಲ್ಲಿ ಬರೆದು ನನ್ನ ಕಡೆ ತಳ್ಳುತ್ತಾನೆ. ಬೇರೆಯವರ ಹತ್ತಿರ ಚೆನ್ನಾಗಿಯೇ ಮಾತಾಡುತ್ತಾನೆ.

ನೀನು ಹೆದರಿಕೆ ಅಂತ ಬರೆದೆಯಲ್ಲ, ನನಗೆ ಆ ಚೀಟಿ ಕಣ್ಣಿಗೆ ಬಂತು.

ಡಾಕ್ಟರಿಗೆ ಮೇಷ್ಟ್ರು ಏನು ಹೇಳೋದು, ಆದರೂ ಒಂದೆರಡು ಮಾತು. ಶಬ್ದವನ್ನು ಬರಿದೇ ಕಲಿಯಬೇಡ, ಡಾಸ್ ಸೇರಿಸಿಯೇ ಬಾಯಿಪಾಠ ಮಾಡು. ರೋಗಿಯ ಹತ್ತಿರ ಹೇಗೂ ಹೊಟ್ಟೆ ಹುಣ್ಣಿಗೆ ಆಡುಮಾತಿನ ಜರ್ಮನ್‌ನಲ್ಲಿ ಮಾಗೆನ್‌ಗೆಶ್ವ್ಯೂರ್ ಅನ್ನಬೇಕು, ಅದೂ ಡಾಸ್. ಎರಡನ್ನೂ ಜೋಡಿಯಾಗಿ ನೆನಪಿಟ್ಟುಕೋ. ಉಲ್ಕುಸ್ ವೆಂಟ್ರಿಕುಲಿ ಅನ್ನುವಾಗ ಆ ಕೊನೆಯ ‘ಇ’ಯೇ ಷಷ್ಠಿ, ‘ಹೊಟ್ಟೆಯ’ ಅಂತ. ಅದಕ್ಕೆ ಜರ್ಮನ್ ಕೈ ಹಾಕುವುದಿಲ್ಲ. ‘ಹೊಟ್ಟೆ ಹುಣ್ಣಿನ ಚಿಕಿತ್ಸೆ’ ಅನ್ನಬೇಕಾದರೆ ಶಬ್ದದ ಮೊದಲಿಗಿರುವ ಡಾಸ್ ಡೆಸ್ ಆಗುತ್ತದೆ, ಅಷ್ಟೇ. ನಾವು ಡಯಾಬಿಟಿಸ್‌ಗೆ, ಡಯಾಬಿಟಿಸ್‌ನಿಂದ ಅಂತ ಸಲೀಸಾಗಿ ಬಾಲ ಅಂಟಿಸುತ್ತೇವೆ; ಅವರು ತಲೆ ಬದಲಾಯಿಸುತ್ತಾರೆ. ಜಾಸ್ತಿ ಆಯಿತೇನೋ, ಹಳೇ ಚಾಳಿ.

ಡಾಕ್ಟರುಗಳ ಜರ್ಮನ್ ಭಾಷಾ ಪರೀಕ್ಷೆಯಲ್ಲಿ 20 ನಿಮಿಷ ರೋಗಿ ಜೊತೆ, 20 ನಿಮಿಷ ಬರವಣಿಗೆ, 20 ನಿಮಿಷ ಡಾಕ್ಟರ್ ಜೊತೆ ಅಂತ ನೀನು ಅಂದಿದ್ದೆ. ಬರೆಯೋದರಲ್ಲಿ ನಿನ್ನ ಬಗ್ಗೆ ನನಗೆ ಚಿಂತೆ ಇಲ್ಲ. ಉಳಿದ 40 ನಿಮಿಷದ್ದೇ.

ಮುಂದಿನ ರೌಂಡ್ಸ್‌ನಲ್ಲಿ ಬಾಯಿ ತೆರೆದೆಯಾ, ಅಷ್ಟು ಬರಿ. ಡೆರ್ ಅಂದೆಯೋ ಡಾಸ್ ಅಂದೆಯೋ, ಅದು ಬೇಡ.

ನಿನ್ನ ಮಾವ